ಬ್ರಿಟಿಷ್ ಮೂಲ, ಅಮೆರಿಕನ್ ರೀಮೇಕ್: ಯಾವುದನ್ನು ಯಾವುದರ ಪಕ್ಕ ಇಟ್ಟು ನೋಡಬೇಕು

ಬ್ರಿಟಿಷರು ನಾಲ್ಕು ಕಂತಿನಲ್ಲಿ ಮುಗಿಸಿದ ಟಿವಿ ಧಾರಾವಾಹಿಯನ್ನು ಅಮೆರಿಕದವರು ವರ್ಷಗಟ್ಟಲೆ ಯಾಕೆ ಎಳೆಯುತ್ತಾರೆ, ಹೋಲಿಸಿ ನೋಡಲು ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ರಾಜಕೀಯ ಧಾರಾವಾಹಿ ಹೌಸ್ ಆಫ್ ಕಾರ್ಡ್ಸ್‌ನಿಂದ ಶುರು ಮಾಡಿ. ನಿಮ್ಮ ಮೊದಲ ಪ್ರಶ್ನೆಗೂ ಉತ್ತರ ಅಲ್ಲೇ ಸಿಗುತ್ತದೆ. ಕೆಳಗೆ ಕಥೆಯ ಗುಟ್ಟುಗಳು ಬರುತ್ತವೆ, ಇನ್ನೂ ನೋಡದವರು ಎಚ್ಚರ.

ಬಿಬಿಸಿಯ ಮೂಲ 1990ರದು, ಒಟ್ಟು 4 ಕಂತು. ಮುಖ್ಯ ಪಾತ್ರ ಫ್ರಾನ್ಸಿಸ್ ಅರ್ಕಾರ್ಟ್, ಆಳುವ ಪಕ್ಷದ ಚೀಫ್ ವಿಪ್, ಅಂದರೆ ಪಕ್ಷದ ಸಂಸದರನ್ನು ಶಿಸ್ತಿನಲ್ಲಿಡುವವನು. ನಟ ಇಯಾನ್ ರಿಚರ್ಡ್‌ಸನ್. ಮಂತ್ರಿಗಿರಿ ತಪ್ಪಿತೆಂದು ಸಿಟ್ಟಾದ ಈತ ಪ್ರಧಾನಿಯನ್ನೇ ಉರುಳಿಸಿ ಆ ಕುರ್ಚಿಯಲ್ಲಿ ಕೂರುತ್ತಾನೆ. ಅಲ್ಲಿನ ವ್ಯವಸ್ಥೆಯಲ್ಲಿ ಇದಕ್ಕೆ ಸಾರ್ವತ್ರಿಕ ಚುನಾವಣೆ ಬೇಕಿಲ್ಲ. ನಮ್ಮಲ್ಲಿ ಶಾಸಕಾಂಗ ಪಕ್ಷದ ನಾಯಕ ಬದಲಾದರೆ ಮುಖ್ಯಮಂತ್ರಿ ಬದಲಾಗುವ ಹಾಗೆ, ಅಲ್ಲಿ ಆಗ ಪಕ್ಷದ ಸಂಸದರ ಮತ ಗೆದ್ದರೆ ಸಾಕಿತ್ತು. ಸಂಸದರೆಲ್ಲರ ಗುಟ್ಟು ವಿಪ್ ಕೈಯಲ್ಲಿ. ಹಾಗಾಗಿ ನಾಲ್ಕು ಕಂತು ಧಾರಾಳವಾಗಿ ಸಾಕಾಯಿತು. ಮೊದಲ ಕಂತು ಪ್ರಸಾರವಾದ ವಾರವೇ ಆಗಿನ ಪ್ರಧಾನಿ ಥ್ಯಾಚರ್ ರಾಜೀನಾಮೆ ಘೋಷಿಸಿದ್ದರಿಂದ ಅಲ್ಲಿನ ವೀಕ್ಷಕರಿಗೆ ಇದು ಕಟ್ಟುಕಥೆ ಅನ್ನಿಸಿರಲಾರದು.

ಅಮೆರಿಕದಲ್ಲಿ ಈ ದಾರಿಯೇ ಇಲ್ಲ. ಸಂಸದರು ಸೇರಿ ತಮ್ಮ ನಾಯಕನನ್ನು ಬದಲಿಸಿದರೆ ಅಧ್ಯಕ್ಷ ಬದಲಾಗುವುದಿಲ್ಲ. ಅದಕ್ಕೇ 2013ರ ನೆಟ್‌ಫ್ಲಿಕ್ಸ್ ಆವೃತ್ತಿಯ ನಾಯಕ ಫ್ರಾಂಕ್ ಅಂಡರ್‌ವುಡ್ ಸುತ್ತುದಾರಿ ಹಿಡಿಯಬೇಕಾಯಿತು. ಮೊದಲು ಹಾಲಿ ಉಪಾಧ್ಯಕ್ಷ ತನ್ನ ರಾಜ್ಯದ ಗವರ್ನರ್ ಚುನಾವಣೆಗೆ ಹೋಗುವಂತೆ ಮಾಡಬೇಕು. ಖಾಲಿಯಾದ ಜಾಗಕ್ಕೆ ಅಧ್ಯಕ್ಷ ಫ್ರಾಂಕ್‌ನನ್ನೇ ಹೆಸರಿಸುವಂತೆ ನೋಡಿಕೊಳ್ಳಬೇಕು. ಆಮೇಲೆ ಅಧ್ಯಕ್ಷನೇ ರಾಜೀನಾಮೆ ಕೊಡುವ ಸ್ಥಿತಿ ತರಬೇಕು. ಇದಕ್ಕೆ ಎರಡು ಸೀಸನ್, 26 ಕಂತು ಹಿಡಿಯಿತು. ಇಲ್ಲಿಯವರೆಗಿನ ಉದ್ದ ಸಂವಿಧಾನದಿಂದ ಬಂದದ್ದು, ಅದನ್ನು ಎಳೆತ ಅನ್ನಲು ನಾನು ಒಪ್ಪುವುದಿಲ್ಲ. ಅಲ್ಲಿಂದ ಮುಂದೆ 73ನೇ ಕಂತಿನವರೆಗೆ ಹೋದದ್ದು ನಿಜವಾದ ಎಳೆತ.

ಆದ್ದರಿಂದ ಒಂದನೇ ಕಂತಿನ ಪಕ್ಕ ಒಂದನೇ ಕಂತು ಇಟ್ಟು ನೋಡಬೇಡಿ. ಹೆಚ್ಚಿನವರು ಎಡವುವುದು ಇಲ್ಲೇ. ಬ್ರಿಟಿಷ್ 4 ಕಂತನ್ನು ಪೂರ್ತಿ ಮುಗಿಸಿ, ಅಮೆರಿಕದ 26 ನೋಡಿ ನಿಲ್ಲಿಸಿ. ನಾಯಕ ಪತ್ರಕರ್ತೆಯೊಬ್ಬಳನ್ನು ಕೊಲ್ಲುವ ದೃಶ್ಯವನ್ನು ಎರಡರಲ್ಲೂ ಗುರುತು ಹಾಕಿಕೊಳ್ಳಿ. ಬ್ರಿಟಿಷ್‌ನಲ್ಲಿ ಅದು ನಾಲ್ಕನೇ ಕಂತಿನ ಕೊನೆಗೆ, ಸಂಸತ್ ಭವನದ ತಾರಸಿಯ ಮೇಲೆ. ಕಥೆ ಅದರಲ್ಲೇ ತುದಿ ಮುಟ್ಟುತ್ತದೆ. ಅಮೆರಿಕದಲ್ಲಿ ಎರಡನೇ ಸೀಸನ್ನಿನ ಮೊದಲ ಕಂತಿನಲ್ಲಿ, ಮೆಟ್ರೋ ನಿಲ್ದಾಣದಲ್ಲಿ. ಒಂದೇ ಕೊಲೆ, ಒಂದು ಕಡೆ ಮುಕ್ತಾಯ, ಇನ್ನೊಂದು ಕಡೆ ಹೊಸ ಸೀಸನ್ನಿಗೆ ಕಾವು ಕೊಡುವ ಕೆಲಸ. ನಾಯಕ ಕ್ಯಾಮೆರಾ ಕಡೆ ತಿರುಗಿ ನಮ್ಮೊಡನೆ ಮಾತಾಡುವ ತಂತ್ರವನ್ನೂ ಗಮನಿಸಿ. ರಿಚರ್ಡ್‌ಸನ್ ನಮ್ಮನ್ನು ಸಂಚಿನಲ್ಲಿ ಪಾಲುದಾರರನ್ನಾಗಿ ಮಾಡಿಕೊಳ್ಳುತ್ತಾನೆ. ಅಮೆರಿಕದ್ದರಲ್ಲಿ ಆ ಮಾತುಗಳು ಬಹುಪಾಲು ಪಾಠ ಹೇಳುವ ಧಾಟಿಯವು. ಅಲ್ಲಿ ಬ್ರಿಟಿಷ್‌ದೇ ಮೇಲು.

ಎರಡನೇ ಜೋಡಿ: ಬಿಬಿಸಿಯ ಕ್ರಿಮಿನಲ್ ಜಸ್ಟಿಸ್ (2008, ಮೊದಲ ಸರಣಿ, 5 ಕಂತು) ಮತ್ತು ಎಚ್‌ಬಿಒದ ದಿ ನೈಟ್ ಆಫ್ (2016, 8 ಕಂತು). ಅಪ್ಪನ ಟ್ಯಾಕ್ಸಿ ತೆಗೆದುಕೊಂಡು ಹೋದ ಹುಡುಗ ಕೊಲೆ ಕೇಸಿನಲ್ಲಿ ಸಿಕ್ಕಿಬೀಳುತ್ತಾನೆ. ಎಚ್‌ಬಿಒ ಹುಡುಗನನ್ನು ಕ್ವೀನ್ಸ್‌ನ ಪಾಕಿಸ್ತಾನಿ ಮೂಲದ ಮನೆಯವನನ್ನಾಗಿ ಮಾಡಿದ್ದರಿಂದ, ಬಂಧನದ ಏಟು ಇಡೀ ಕುಟುಂಬಕ್ಕೆ ತಗಲುತ್ತದೆ. ಹೆಚ್ಚಾದ ಮೂರು ಕಂತು ಸಾರ್ಥಕವಾದದ್ದು ಅದರಿಂದ. ಇಂಗ್ಲೆಂಡಿನಲ್ಲಿ ಠಾಣೆಗೆ ಬರುವ ಸಾಲಿಸಿಟರ್ ಬೇರೆ, ಕೋರ್ಟಿನಲ್ಲಿ ವಾದಿಸುವ ಬ್ಯಾರಿಸ್ಟರ್ ಸಾಮಾನ್ಯವಾಗಿ ಬೇರೆ. ಅಮೆರಿಕದಲ್ಲಿ ಆ ಗೋಡೆ ಇಲ್ಲ, ಅದಕ್ಕೇ ಠಾಣೆಯಲ್ಲಿ ಹುಡುಗನನ್ನು ಕಂಡ ವಕೀಲ ಸ್ಟೋನ್ ಕೊನೆಯ ವಾದವನ್ನೂ ತಾನೇ ಮಾಡುತ್ತಾನೆ. ನ್ಯೂಯಾರ್ಕಿನಲ್ಲಿ ತೀರ್ಪು ಕೊಡುವ ಜನಸಾಮಾನ್ಯರಾದ ಹನ್ನೆರಡೂ ಜ್ಯೂರಿಗಳು ಒಮ್ಮತಕ್ಕೆ ಬರಬೇಕು; 6-6 ಆಗಿ ಕೇಸು ತೀರ್ಪಿಲ್ಲದೆ ನಿಲ್ಲುವುದು ಅಲ್ಲಿನ ಕಾನೂನಿಗೆ ಸರಿಯಾಗಿ ಹೊಂದುತ್ತದೆ. 2019ರ ಹಿಂದಿ ಕ್ರಿಮಿನಲ್ ಜಸ್ಟಿಸ್ ನೋಡಿದ್ದರೆ ಅದನ್ನೂ ಪಕ್ಕದಲ್ಲಿಡಿ: ನಮ್ಮಲ್ಲಿ ಜ್ಯೂರಿ ಇಲ್ಲ, ಪಂಕಜ್ ತ್ರಿಪಾಠಿಯ ವಕೀಲ ನ್ಯಾಯಾಧೀಶರೊಬ್ಬರನ್ನೇ ಒಪ್ಪಿಸಬೇಕು, ವಾದದ ಧಾಟಿಯೇ ಬದಲಾಗುತ್ತದೆ.

ಕೆಟ್ಟ ರೀಮೇಕ್ ಹೇಗಿರುತ್ತದೆಂದು ತಿಳಿಯಲು ಹುಡುಗನೊಬ್ಬನ ಕೊಲೆಯ ತನಿಖೆಯ ಬ್ರಿಟಿಷ್ ಧಾರಾವಾಹಿ ಬ್ರಾಡ್‌ಚರ್ಚ್ (2013, 8 ಕಂತು) ಮುಗಿಸಿ, ಅದರ ರೀಮೇಕ್ ಗ್ರೇಸ್‌ಪಾಯಿಂಟ್ (2014, 10 ಕಂತು) ಶುರು ಮಾಡಿ. ನಾಯಕ ಎರಡರಲ್ಲೂ ಡೇವಿಡ್ ಟೆನಂಟ್. ಮೊದಲ ಕಂತಂತೂ ಹೆಚ್ಚುಕಡಿಮೆ ದೃಶ್ಯಕ್ಕೆ ದೃಶ್ಯ ನಕಲು. ಊರು ಬದಲಾಯಿತು, ಆದರೆ ಆ ಊರಿನ ಪೊಲೀಸು, ಪತ್ರಿಕೆ, ಚರ್ಚು ಕಥೆಯನ್ನು ಬದಲಿಸಲಿಲ್ಲ. ಕೊನೆಗೆ ಕೊಲೆಯ ತಪ್ಪನ್ನು ಮೂಲದ ಕೊಲೆಗಾರ ತಂದೆಯಿಂದ ಅವನ ಮಗನ ಕೈತಪ್ಪಿಗೆ ವರ್ಗಾಯಿಸಿದ್ದರಿಂದ ಮೂಲದ ನೋವೂ ತೆಳುವಾಯಿತು. ಎರಡು ಮೂರು ಕಂತು ನೋಡಿದರೆ ಸಾಕು.

ಹುಡುಕುವಾಗ ಒಂದು ತೊಡಕು ಬರುತ್ತದೆ. ಹೆಸರು ಒಂದೇ ಆದ್ದರಿಂದ ಹೌಸ್ ಆಫ್ ಕಾರ್ಡ್ಸ್ ಎಂದು ಹಾಕಿದರೆ ಅಮೆರಿಕದ್ದು, ಕ್ರಿಮಿನಲ್ ಜಸ್ಟಿಸ್ ಎಂದರೆ ಹಿಂದಿಯದು ಮೊದಲು ಬರುವ ಸಾಧ್ಯತೆ ಹೆಚ್ಚು. ಮೊದಲನೆಯದಕ್ಕೆ 1990 ಮತ್ತು ರಿಚರ್ಡ್‌ಸನ್, ಎರಡನೆಯದಕ್ಕೆ 2008 ಮತ್ತು ಅದರ ನಟ ಬೆನ್ ವಿಶಾ ಹೆಸರು ಸೇರಿಸಿ ಹುಡುಕಿ. ಅರ್ಕಾರ್ಟ್ ಕಥೆಗೆ 1993 ಮತ್ತು 1995ರಲ್ಲಿ ತಲಾ 4 ಕಂತಿನ ಮುಂದುವರಿಕೆಗಳಿವೆ. ಹೋಲಿಕೆ ಮುಗಿಯುವವರೆಗೆ ಅವನ್ನು ಮುಟ್ಟಬೇಡಿ. ಸಬ್‌ಟೈಟಲ್ ಹಾಕಿಕೊಂಡೇ ನೋಡಿ, ಅರ್ಕಾರ್ಟ್‌ನ ಅರ್ಧ ವಿಷ ಅವನು ನಯವಾಗಿ ನುಂಗಿಕೊಳ್ಳುವ ಪದಗಳಲ್ಲಿದೆ.