ಜಿಪಿಯು ಅಸೆಂಬ್ಲಿ ಇನ್‌ಸ್ಟ್ರಕ್ಷನ್‌ಗಳನ್ನು ದಾಖಲಿಸಲು ವಿಕಿ ಒಳ್ಳೆಯದೋ, ಸ್ಪ್ರೆಡ್‌ಶೀಟೋ?

ಎರಡರಲ್ಲಿ ಯಾವುದಾದರೂ ನಡೆಯುತ್ತದೆ, ಅದು ಕೊನೆಗೆ ನೋಡಿಕೊಳ್ಳುವ ವಿಷಯ. ತೊಂದರೆ ಇರುವುದು ನಿಮ್ಮ ಪಟ್ಟಿಯಲ್ಲೇ. ಎನ್‌ವಿಡಿಯಾದ ಮ್ಯಾಕ್ಸ್‌ವೆಲ್ ಪೀಳಿಗೆಯ ಚಿಪ್‌ನ ಸಾಸ್ (ಆ ಜಿಪಿಯುಗಳ ಅಸೆಂಬ್ಲಿ ಭಾಷೆ) ಇನ್‌ಸ್ಟ್ರಕ್ಷನ್‌ಗಳನ್ನು ಅಕ್ಷರಾನುಕ್ರಮದಲ್ಲಿ ಜೋಡಿಸಿ, ಪ್ರತಿಯೊಂದರ ಮುಂದೆ ‘ಎ, ಬಿ ಕೂಡಿಸಿ ಡಿಯಲ್ಲಿ ಇಡುತ್ತದೆ’ ಎಂಬಂಥ ಒಂದು ಸಾಲು ಬರೆದಿದ್ದೀರಿ. ನಾನೂ ಹಾಗೇ ಶುರು ಮಾಡಿದವನು. ಅಂಥ ಪಟ್ಟಿ ಹಿಡಿದು ಯಾರೂ ನೆಟ್ಟಗೆ ಓಡುವ ಕೋಡ್ ಬರೆಯಲಾರರು, ಏಕೆಂದರೆ ಉತ್ತರ ಡಿಯೊಳಗೆ *ಯಾವಾಗ* ಬಂದು ಕೂರುತ್ತದೆ ಎಂಬುದು ಅದರಲ್ಲಿಲ್ಲ.

ಮ್ಯಾಕ್ಸ್‌ವೆಲ್‌ನಲ್ಲಿ 64 ಬಿಟ್‌ನ ಮೂರು ಇನ್‌ಸ್ಟ್ರಕ್ಷನ್‌ಗಳ ಮುಂದೆ 64 ಬಿಟ್‌ನದೇ ಒಂದು ಕಂಟ್ರೋಲ್ ಪದ ಇರುತ್ತದೆ. ಅದರಲ್ಲಿ ಒಂದೊಂದಕ್ಕೆ 21 ಬಿಟ್: ಕೆಳಗಿನಿಂದ 4 ಬಿಟ್ ಸ್ಟಾಲ್ (ಮುಂದಿನದಕ್ಕೆ ಮೊದಲು ಎಷ್ಟು ಸೈಕಲ್ ಕಾಯಬೇಕು), 1 ಯೀಲ್ಡ್ (ಬೇರೆ ಥ್ರೆಡ್ ಗುಂಪಿಗೆ ಸರದಿ ಬಿಡುವ ಸುಳಿವು), 3 ರೈಟ್ ಬ್ಯಾರಿಯರ್ (ಫಲ ಬಂತೆಂದು ತಿಳಿಸುವ ಗುರುತು), 3 ರೀಡ್ ಬ್ಯಾರಿಯರ್ (ಆಪರೆಂಡ್ ಓದಿ ಮುಗಿಯಿತೆಂದು ತಿಳಿಸುವ ಗುರುತು), 6 ವೇಟ್ ಮಾಸ್ಕ್ (ಯಾವ ಬ್ಯಾರಿಯರ್‌ಗಳಿಗೆ ಕಾಯಬೇಕು), 4 ರೀಯೂಸ್ (ಓದಿದ ಆಪರೆಂಡನ್ನು ಮತ್ತೆ ಬಳಸುವುದು). ಬ್ಯಾರಿಯರ್‌ಗಳು 0ರಿಂದ 5ರವರೆಗೆ ಆರು. 7 ಎಂದರೆ ಯಾವುದೂ ಬೇಡ. ದಾಖಲೆಯ ಮೊದಲ ಪುಟ ಇದೇ ಆಗಬೇಕು, ಅನುಬಂಧ ಅಲ್ಲ.

ಉದಾಹರಣೆಗೆ ರಿಜಿಸ್ಟರ್ ಆರ್4ರಲ್ಲಿ ಮೊದಲೇ 1.0 ಇದೆ. ಗುಣಿಸಿ ಕೂಡಿಸುವ ಎಫ್‌ಎಫ್‌ಎಂಎ ಇನ್‌ಸ್ಟ್ರಕ್ಷನ್ 2×3ಕ್ಕೆ ಅದನ್ನು ಕೂಡಿಸಿ ಮತ್ತೆ ಆರ್4ರಲ್ಲೇ ಇಡುತ್ತದೆ. ಮುಂದಿನ ಎಫ್‌ಎಡಿಡಿ ಆರ್4ನ್ನು ಆರ್‌ಝಡ್ (ಯಾವಾಗಲೂ ಸೊನ್ನೆಯೇ ಇರುವ ರಿಜಿಸ್ಟರ್) ಜೊತೆ ಕೂಡಿಸಿ ಆರ್5ಕ್ಕೆ ಹಾಕುತ್ತದೆ. ಎಫ್‌ಎಫ್‌ಎಂಎ ಸ್ಟಾಲ್ 6 ಇದ್ದರೆ ಆರ್5ರಲ್ಲಿ 7 ಸಿಗುತ್ತದೆ. 6ಕ್ಕಿಂತ ಇಳಿಸಿದರೆ ಹಳೆಯ 1 ಸಿಗುತ್ತದೆ. ಎರರ್ ಇಲ್ಲ, ಕ್ರ್ಯಾಶ್ ಇಲ್ಲ. ನಿಗದಿತ ಸೈಕಲ್ ಹಿಡಿಯುವ ಇನ್‌ಸ್ಟ್ರಕ್ಷನ್‌ಗಳಿಗೆ ಹಾರ್ಡ್‌ವೇರ್ ಕಾವಲು ನಿಲ್ಲುವುದಿಲ್ಲ, ಆ ಹೊಣೆ ಅಸೆಂಬ್ಲರ್‌ನದು. ನಂತರದ ವೋಲ್ಟಾ ಪೀಳಿಗೆಯಲ್ಲಿ ಈ 6 ಹೋಗಿ 4 ಆಯಿತು, ಇನ್‌ಸ್ಟ್ರಕ್ಷನ್ 128 ಬಿಟ್ ಆಗಿ ಕಂಟ್ರೋಲ್ ಬಿಟ್‌ಗಳು ಅದರೊಳಗೇ ಸೇರಿಕೊಂಡವು. ಹಾಗಾಗಿ ಯಾವ ಪೀಳಿಗೆಯ ಚಿಪ್ ಎಂದು ಹೇಳದ ಸೈಕಲ್ ಸಂಖ್ಯೆ ಕಸಕ್ಕೆ ಸಮ.

ಅಳೆಯುವಾಗ ಒಂದೇ ಬ್ಲಾಕ್, 32 ಥ್ರೆಡ್ ಮಾತ್ರ ಓಡಿಸಿ, ಅಂದರೆ ಒಂದೇ ವಾರ್ಪ್ (ಒಟ್ಟಿಗೆ ಓಡುವ 32 ಥ್ರೆಡ್‌ಗಳ ಗುಂಪು). ಇದನ್ನು ಒತ್ತಿ ಹೇಳುತ್ತಿದ್ದೇನೆ. ಸಾವಿರ ಥ್ರೆಡ್ ಹಾಕಿದರೆ ಶೆಡ್ಯೂಲರ್ ನಡುವೆ ಬೇರೆ ವಾರ್ಪ್‌ಗಳನ್ನು ನುಗ್ಗಿಸುತ್ತದೆ, ಅಂತರ ತಾನಾಗಿ ಹೆಚ್ಚುತ್ತದೆ, ತಪ್ಪು ಸ್ಟಾಲ್ ಕೂಡ ಸರಿ ಉತ್ತರ ಕೊಡಬಹುದು. ಆಗ ನಿಮ್ಮ ಕೋಷ್ಟಕದಲ್ಲಿ ಸುಳ್ಳು ಸಂಖ್ಯೆ ಉಳಿದುಬಿಡುತ್ತದೆ.

ಮೆಮೊರಿ ಇನ್‌ಸ್ಟ್ರಕ್ಷನ್‌ಗಳಿಗೆ ಸ್ಟಾಲ್ ಸಾಲದು. ಮೆಮೊರಿಯಿಂದ ಓದುವ ಎಲ್‌ಡಿಜಿ ರೈಟ್ ಬ್ಯಾರಿಯರ್ ಹಾಕಬೇಕು, ಅದರ ಫಲ ಬಳಸುವ ಇನ್‌ಸ್ಟ್ರಕ್ಷನ್ ವೇಟ್ ಮಾಸ್ಕ್‌ನಲ್ಲಿ ಅದೇ ಬಿಟ್ ಏರಿಸಬೇಕು. ಇದು ಎಲ್ಲರಿಗೂ ನೆನಪಿರುತ್ತದೆ. ಮರೆಯುವುದು ರೀಡ್ ಬ್ಯಾರಿಯರ್: ಎಸ್‌ಟಿಜಿ ಆರ್5ನ್ನು ಮೆಮೊರಿಗೆ ಕಳಿಸುವ ಮೊದಲೇ ಮುಂದಿನ ಸಾಲು ಆರ್5ನ್ನು ಸೊನ್ನೆ ಮಾಡಿದರೆ, ಮೆಮೊರಿಗೆ ಆ ಸೊನ್ನೆಯೇ ಹೋಗಬಹುದು.

ಬಿಟ್ ಜಾಗಗಳನ್ನು ಹುಡುಕುವುದು ಇದಕ್ಕಿಂತ ಸುಲಭ, ಬರೀ ತಾಳ್ಮೆಯ ಕೆಲಸ. ಸಣ್ಣ ಕರ್ನಲ್ (ಜಿಪಿಯುನಲ್ಲಿ ಓಡುವ ಪ್ರೋಗ್ರಾಂ) ಒಂದನ್ನು ಕ್ಯೂಬಿನ್ (ಕಂಪೈಲ್ ಆದ ಬೈನರಿ ಫೈಲ್) ಮಾಡಿ, ಒಂದು ಬಿಟ್ ತಿರುಗಿಸಿ, ಬಿಟ್‌ಗಳನ್ನು ಮತ್ತೆ ಅಸೆಂಬ್ಲಿಯಾಗಿ ತೋರಿಸುವ ಡಿಸ್‌ಅಸೆಂಬ್ಲರ್ ಎನ್‌ವಿಡಿಸಾಸ್ಮ್‌ಗೆ ಕೊಡಿ. ಬದಲಾದದ್ದನ್ನು ಬರೆದುಕೊಂಡು ಮುಂದಿನ ಬಿಟ್‌ಗೆ ಹೋಗಿ. ಬಿಟ್ 0 ತಿರುಗಿಸಿದಾಗ ಗುರಿ ರಿಜಿಸ್ಟರ್ ಆರ್4 ಹೋಗಿ ಆರ್5 ಆಗುತ್ತದೆ. 0–7 ಗುರಿ, 8–15 ಮೊದಲ ಆಪರೆಂಡ್, 16–18 ಪ್ರೆಡಿಕೇಟ್ (ಇನ್‌ಸ್ಟ್ರಕ್ಷನ್ ಓಡಬೇಕೋ ಬೇಡವೋ ಎಂಬ ಷರತ್ತು), 19 ಆ ಷರತ್ತನ್ನು ತಲೆಕೆಳಗು ಮಾಡುವ ಬಿಟ್. ಹೆಚ್ಚಿನವು ಈ ಅಚ್ಚಿನಲ್ಲೇ ಇವೆ. ಆದರೆ ಡಿಸ್‌ಅಸೆಂಬ್ಲರ್ ಒಪ್ಪಿದ್ದನ್ನೆಲ್ಲ ಚಿಪ್ ಒಪ್ಪುತ್ತದೆಂದು ನಂಬಬೇಡಿ, ಓಡಿಸಿಯೇ ನೋಡಿ.

ಇನ್ನೊಂದು ಅಂಕಣ ಸೇರಿಸಿ: ವಾರ್ಪ್‌ನ ಕೆಲವು ಥ್ರೆಡ್‌ಗಳು ಮಲಗಿದ್ದಾಗ ಏನಾಗುತ್ತದೆ? ಕೂಡುವುದಕ್ಕೆ ಇದರಿಂದ ವ್ಯತ್ಯಾಸವಿಲ್ಲ. ಒಂದು ಥ್ರೆಡ್‌ನ ಬೆಲೆಯನ್ನು ಇನ್ನೊಂದು ಓದುವ ಎಸ್‌ಎಚ್‌ಎಫ್‌ಎಲ್‌ಗೆ ಇದೇ ಜೀವಾಳ. ಮಲಗಿದ ಥ್ರೆಡ್‌ನಿಂದ ಓದಿದ ಬೆಲೆಗೆ ಭರವಸೆಯಿಲ್ಲ.

ಗುಂಪು ಮಾಡುವಾಗ ಅಕ್ಷರಾನುಕ್ರಮ ಬಿಟ್ಟು, ನಿಗದಿತ ಸೈಕಲ್‌ನವು ಒಂದು ಕಡೆ, ಬ್ಯಾರಿಯರ್ ಬೇಡುವವು ಒಂದು ಕಡೆ, ಜಿಗಿತದವು ಇನ್ನೊಂದು ಕಡೆ ಇಡಿ. ನನ್ನನ್ನು ಕೇಳಿದರೆ ವಿಕಿಯೂ ಬೇಡ, ಸ್ಪ್ರೆಡ್‌ಶೀಟೂ ಬೇಡ: ಗಿಟ್‌ನಲ್ಲಿ ಸಾದಾ ಟೆಕ್ಸ್ಟ್ ಫೈಲ್, ಪ್ರತಿ ಸಾಲಿನ ಪಕ್ಕ ಅದನ್ನು ಸಾಬೀತು ಮಾಡಿದ ಟೆಸ್ಟ್ ಕರ್ನಲ್‌ನ ಹೆಸರು.