ನಮ್ಮ ಗೋರೆಗಾಂವ್‌ನ ನೀರಿನ ಬಾಯಿ

ಮುಂಬೈಯ ನಮ್ಮ ಗೋರೆಗಾಂವ್‌ನ ಫ್ಲೈಓವರ್ ಮೇಲೆ ಮೃಣಾಲತಾಯಿ ಗೋರೆ ಅಂತ ಹೆಸರು ಇದೆಯಲ್ಲ, ಯಾರವರು ಅಂತ ಕೇಳಿದಿರಿ. ಕೇಳಿದ್ದು ಬಹಳ ಖುಷಿ ಆಯ್ತು. ಈಗ ಇಲ್ಲೇ ಹುಟ್ಟಿ ಬೆಳೆದ ಹುಡುಗರೂ ಆ ಹೆಸರನ್ನು ರಿಕ್ಷಾದವನಿಗೆ ದಾರಿ ಹೇಳೋಕೆ ಮಾತ್ರ ಬಳಸುತ್ತಾರೆ.

ಮೊದಲು ಒಂದು ಮಾತು. ಆ ‘ತಾಯಿ’ ನಮ್ಮ ಅಮ್ಮ ಅಲ್ಲ. ಮರಾಠಿಯಲ್ಲಿ ‘ತಾಈ’ ಅಂದರೆ ಅಕ್ಕ. ಜನ ಅವರನ್ನು ‘ಪಾನಿವಾಲಿ ಬಾಯಿ’ ಅಂತಲೂ ಕರೆಯುತ್ತಿದ್ದರು. ನೀರಿನ ಬಾಯಿ. ಈ ‘ಬಾಯಿ’ ಮಾತಾಡೋ ಬಾಯಿ ಅಲ್ಲ, ಮರಾಠಿಯಲ್ಲಿ ಹೆಂಗಸು ಅಂತ. ನನ್ನ ತವರು ಅಕ್ಕಲಕೋಟೆ ತಾಲೂಕು. ಅಲ್ಲಿ ಕನ್ನಡ ಮನೆಗಳಲ್ಲೂ ಗಂಗಾಬಾಯಿ, ಕಾಶೀಬಾಯಿ ಇರುತ್ತಾರೆ. ನೀವು ಬೆಂಗಳೂರಿನವರು, ಅದಕ್ಕೇ ಬಿಡಿಸಿ ಹೇಳಿದೆ.

ನೀರಿನ ಬಾಯಿ ಯಾಕೆ ಅನ್ನೋದು ತಿಳಿಯಬೇಕಾದರೆ ಆಗಿನ ಗೋರೆಗಾಂವ್ ತಿಳಿಯಬೇಕು. 1957ರಲ್ಲಿ ಈ ಊರು ಮುಂಬೈ ಮಹಾನಗರಪಾಲಿಕೆಗೆ ಸೇರಿತು. ಅದಕ್ಕೂ ಮೊದಲು ಇದು ಗ್ರಾಮ ಪಂಚಾಯ್ತಿ. ಕಾರ್ಖಾನೆ ಬಂದವು, ಸಾಲು ಕೋಣೆಗಳ ಚಾಳುಗಳು ಎದ್ದವು, ಗುಡಿಸಲು ತುಂಬಿದವು. ಪೈಪು ಮಾತ್ರ ಬರಲಿಲ್ಲ. ಗುಡಿಸಲಿನವರಿಗಂತೂ ‘ಜಾಗ ನಿಮ್ಮದಲ್ಲ, ನಳ ಎಲ್ಲಿಂದ ಕೊಡೋದು’ ಅನ್ನೋ ಉತ್ತರ.

ನನ್ನ ಅತ್ತೆ ಇಂಡಿ ಕಡೆಯವರು. ಮದುವೆಯಾಗಿ ಇಲ್ಲಿನ ಚಾಳಿಗೆ ಬಂದಾಗ ಅವರಿಗೆ ಹದಿನೆಂಟು ವರ್ಷ. ನಸುಕಿನ ಮೂರಕ್ಕೇ ಎದ್ದು ನಳದ ಮುಂದೆ ಕೊಡ ಪಾಳಿಗೆ ಹಚ್ಚಬೇಕು. ಕೊಡ ಇಟ್ಟು ಬಂದು ರೊಟ್ಟಿ ಬಡಿಯಬಹುದು, ಆದರೆ ಕೊಡ ಕಾಯೋಕೆ ನಂಬಿಕೆಯವರು ಒಬ್ಬರು ಬೇಕು. ಅತ್ತೆಗೆ ಪಕ್ಕದ ಖೋಲಿಯ ಕೊಂಕಣದ ಅಜ್ಜಿ ಇದ್ದಳು. ನಳಕ್ಕೆ ಹಳೇ ಸೀರೆ ಚೂರು ಕಟ್ಟಿರುತ್ತಿತ್ತು. ಮೊದಲು ಗಾಳಿ ಬುಸುಗುಡುತ್ತಿತ್ತು, ಆಮೇಲೆ ಕೆಂಪು ನೀರು, ಆಮೇಲೆ ಬೆರಳು ಗಾತ್ರದ ಧಾರೆ. ಅತ್ತೆ ಮರಾಠಿ ಕಲಿತದ್ದು ಆ ಪಾಳಿಯಲ್ಲೇ.

ಮೃಣಾಲತಾಯಿ ಹುಟ್ಟಿದ್ದು 1928ರಲ್ಲಿ. ಡಾಕ್ಟರ್ ಓದುತ್ತಿದ್ದರು, ಅದನ್ನು ಬಿಟ್ಟು ರಾಷ್ಟ್ರ ಸೇವಾ ದಳ, ಸಮಾಜವಾದಿ ಚಳವಳಿ ಅಂತ ಹೊರಟರು. ಗಂಡ ಕೇಶವ ಗೋರೆಯವರದ್ದೂ ಅದೇ ದಾರಿ. ಇಬ್ಬರೂ ಗೋರೆಗಾಂವ್‌ನಲ್ಲೇ ನೆಲೆ ನಿಂತು ಕೆಲಸ ಮಾಡಿದರು. 1958ರಲ್ಲಿ ಗಂಡ ತೀರಿಕೊಂಡಾಗ ತಾಯಿಗೆ ಮೂವತ್ತು ವರ್ಷ, ಮಗಳು ಇನ್ನೂ ಚಿಕ್ಕವಳು. ಮೂರೇ ವರ್ಷಕ್ಕೆ, 1961ರಲ್ಲಿ, ಅವರು ಗೆದ್ದು ಪಾಲಿಕೆಗೆ ಹೋದರು. ಒಬ್ಬರೇ ಹೋಗಲಿಲ್ಲ. ಖಾಲಿ ಹಂಡೆ ಹಿಡಿದ ಹೆಂಗಸರ ಮೋರ್ಚಾ ಕರೆದುಕೊಂಡು ಹೋದರು. ಸಭೆಯಲ್ಲಿ ಭಾಷಣ ಮಾಡಿ ಬರೋದು ಬೇರೆ, ನೀರಿಲ್ಲದ ಹಂಡೆಯನ್ನೇ ಅಧಿಕಾರಿಯ ಮುಂದೆ ಇಡೋದು ಬೇರೆ, ಅಲ್ವಾ?

1972ರಲ್ಲಿ ಅವರು ಶಾಸಕಿಯಾದರು. ಆ ವರ್ಷದ ಬರವನ್ನು ನಮ್ಮ ಕಡೆಯವರು ಇಂದಿಗೂ ಮರೆತಿಲ್ಲ. ಸೊಲ್ಲಾಪುರ, ವಿಜಯಪುರ, ಕಲಬುರಗಿ ಕಡೆಯಿಂದ ಎಷ್ಟೋ ಜನ ಗಂಟು ಕಟ್ಟಿಕೊಂಡು ಮುಂಬೈ ರೈಲು ಹತ್ತಿದರು. ಇಲ್ಲಿ ನೋಡಿದರೆ ಎಣ್ಣೆ, ಸಕ್ಕರೆ ಮುಟ್ಟಂಗಿಲ್ಲ. ಆಗಲೇ ಹೆಂಗಸರು ಬೆಲೆಯೇರಿಕೆ ವಿರೋಧಿ ಸಮಿತಿ ಕಟ್ಟಿದ್ದು. ಮೃಣಾಲತಾಯಿ, ಪ್ರಮೀಳಾ ದಂಡವತೆ ಸಮಾಜವಾದಿಗಳು, ಅಹಿಲ್ಯಾ ರಾಂಗಣೇಕರ್, ತಾರಾ ರೆಡ್ಡಿ ಕಮ್ಯುನಿಸ್ಟರು. ಪಕ್ಷ ಬೇರೆ ಬೇರೆ ಇದ್ದರೂ ಬೀದಿಯಲ್ಲಿ ಒಟ್ಟಿಗೇ ನಡೆದರು. ಕೈಯಲ್ಲಿ ಲಟ್ಟಣಿಗೆ, ತಾಟು.

ನಮ್ಮ ಅತ್ತೆಯೂ ಹೋಗಿದ್ದರು. ತವರಿನಿಂದ ತಂದ ಹಿತ್ತಾಳೆ ಗಂಗಾಳ ಬಾರಿಸಿದ್ದರು. ಘೋಷಣೆ ಪೂರ್ತಿ ತಿಳಿಯುತ್ತಿರಲಿಲ್ಲವಂತೆ, ಆದರೆ ‘ರಾಕೆಲ್’ ಅಂದರೆ ಚಿಮಣಿ ಎಣ್ಣೆ ಅನ್ನೋದು ಗೊತ್ತಿತ್ತು, ಅಷ್ಟು ಸಾಕಾಗಿತ್ತು. ಆ ಗಂಗಾಳದ ಅಂಚಿನಲ್ಲಿ ಸಾಲಾಗಿ ಏಳೆಂಟು ತಗ್ಗುಗಳಿವೆ. ಕಂಚುಗಾರನಿಂದ ತಟ್ಟಿಸಿ ಸರಿ ಮಾಡಿಸೋಣ ಅಂತ ಒಮ್ಮೆ ನಾನು ಅಂದೆ. ಬೇಡ ಅಂದರು.

ತುರ್ತುಪರಿಸ್ಥಿತಿಯಲ್ಲಿ ತಾಯಿ ಭೂಗತರಾಗಿ ಕೆಲಸ ಮಾಡಿ, ಸಿಕ್ಕಿಬಿದ್ದು ಜೈಲಿಗೆ ಹೋದರು. ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಕೂಡ ಇದೇ ಸಮಾಜವಾದಿ ಬಳಗದವರು. ಇಲ್ಲಿನ ಹೋಟೆಲ್ ಹುಡುಗರ ಯೂನಿಯನ್ ಕಟ್ಟಿದವರು. 1977ರಲ್ಲಿ ತಾಯಿ ಉತ್ತರ ಮುಂಬೈಯಿಂದ ಲೋಕಸಭೆಗೆ ನಿಂತರು. ನೇಗಿಲು ಹೊತ್ತ ರೈತನ ಗುರುತು, ಹುಡುಕೋದೇ ಬೇಕಾಗಲಿಲ್ಲ ಅಂತಾರೆ ಅತ್ತೆ. ತಾಯಿ ಗೆದ್ದರು, ಇಂದಿರಾ ಗಾಂಧಿ ಸೋತರು. ಆಗ ಬೀದಿಬೀದಿಯಲ್ಲಿ ಒಂದೇ ಕೂಗು: ‘ಪಾನಿವಾಲಿ ಬಾಯಿ ದಿಲ್ಲಿ ಮೇ, ದಿಲ್ಲಿವಾಲಿ ಬಾಯಿ ಪಾನಿ ಮೇ.’ ನೀರಿನ ಬಾಯಿ ದಿಲ್ಲಿಗೆ, ದಿಲ್ಲಿಯ ಬಾಯಿ ನೀರಿಗೆ. ಮೊರಾರ್ಜಿ ಸರ್ಕಾರದಲ್ಲಿ ಮಂತ್ರಿಯಾಗಿ ಅಂತ ಕರೆದರೂ ಇವರು ಒಲ್ಲೆ ಅಂದರು.

1985ರಲ್ಲಿ ಮತ್ತೆ ಶಾಸಕಿ. ಇಲ್ಲಿಂದ ನನ್ನ ಕಥೆಯೂ ಸೇರುತ್ತೆ. ಆಗ ಈ ಊರಲ್ಲಿ ಹೊಟ್ಟೆಯಲ್ಲಿರೋದು ಗಂಡೋ ಹೆಣ್ಣೋ ಹೇಳ್ತೀವಿ ಅನ್ನೋ ಜಾಹೀರಾತುಗಳು ರಾಜಾರೋಷವಾಗಿ ಇದ್ದವು. 1986ರಲ್ಲಿ ತಾಯಿ ಇದನ್ನು ನಿಲ್ಲಿಸಲು ವಿಧಾನಸಭೆಯಲ್ಲಿ ಖಾಸಗಿ ಮಸೂದೆ ತಂದರು. ಮರುವರ್ಷ ನಾನು ಬಸುರಿ. ಸಂಬಂಧಿಕರೊಬ್ಬರು ಬಂದು, ‘ಸುಮ್ನೆ ಒಂದ್ಸಲ ತೋರಿಸಿಕೊಂಡು ಬನ್ನಿ’ ಅಂದರು. ನಾನು ಹೊಸ ಸೊಸೆ, ಬಾಯಿ ಬಿಡಲಿಲ್ಲ. ಅತ್ತೆ ಅಕ್ಕಿ ಆರಿಸುತ್ತಾ ಕೂತಿದ್ದರು. ಮೊರ ಕೆಳಗಿಟ್ಟು, ‘ನಮ್ಮ ಬಾಯಿ ಅದು ತಪ್ಪು ಅಂದಾರ. ನಮ್ಮ ಮನ್ಯಾಗ ಆ ಮಾತು ಬ್ಯಾಡ’ ಅಂದರು. ಮಾತು ಅಲ್ಲಿಗೇ ಮುಗಿಯಿತು. ನಮ್ಮ ದೊಡ್ಡ ಮಗಳು ಈಗ ಶಾಲೆಯಲ್ಲಿ ಟೀಚರ್. 1988ರಲ್ಲಿ ಮಹಾರಾಷ್ಟ್ರ ಕಾನೂನು ಮಾಡಿತು, ದೇಶದಲ್ಲೇ ಮೊದಲು. ಇಡೀ ದೇಶಕ್ಕೆ ಆ ಕಾನೂನು ಬಂದದ್ದು 1994ರಲ್ಲಿ.

ಇನ್ನು ನೀವು ಬಾಡಿಗೆಗಿರುವ ದಿಂಡೋಶಿಯ ನಾಗರಿ ನಿವಾರಾ. ಅದೂ ಅವರದ್ದೇ ಹೋರಾಟ. 1976ರ ನಗರ ಭೂಮಿತಿ ಕಾನೂನಿನಲ್ಲಿ ಹೆಚ್ಚುವರಿ ಅಂತಾದ ಜಮೀನು ಬಡವರ ಮನೆಗೆ ಸಿಗಬೇಕು ಅಂತ ಅವರು ಮತ್ತು ಜೊತೆಗಾರರು ವರ್ಷಗಟ್ಟಲೆ ಪಟ್ಟು ಹಿಡಿದರು. ಸುಮಾರು 6,000 ಮನೆಗಳು ಎದ್ದವು. ಕಡಿಮೆ ಸಂಬಳದವರಿಗೆ ಈ ಊರಲ್ಲಿ ಸ್ವಂತ ಬಾಗಿಲು, ಒಳಗೇ ನಳ.

2012ರ ಜುಲೈ 17ಕ್ಕೆ ತಾಯಿ ಹೋದರು. ಅವತ್ತು ಅತ್ತೆ ಒಲೆ ಹಚ್ಚಲಿಲ್ಲ.

ಆರೇ ರಸ್ತೆಯಲ್ಲಿ, ಸ್ಟೇಷನ್ನಿನ ಪಶ್ಚಿಮಕ್ಕೆ, ಕೇಶವ ಗೋರೆ ಸ್ಮಾರಕ ಇದೆ, ಹೋಗಿ ನೋಡಿ. ಹಾಗೇ ಒಂದು ಭಾನುವಾರ ನಮ್ಮ ಮನೆಗೂ ಬನ್ನಿ. ಅತ್ತೆಗೆ ಈಗ ಕಿವಿ ಸ್ವಲ್ಪ ಮಂದ, ಜೋರಾಗಿ ಕೇಳಬೇಕು. ಆದರೆ ಗಂಗಾಳ ತೆಗೆದು ಮುಂದಿಟ್ಟರೆ ಸಾಕು, ಉಳಿದದ್ದನ್ನು ಅವರೇ ಇಂಡಿ ಕನ್ನಡದಲ್ಲಿ ಹೇಳುತ್ತಾರೆ.