ಓದುಗರ ಪ್ರಶ್ನೆ: ಚೆಸ್ ಕ್ರೀಡೆಯೇ, ಬರೀ ಆಟವೇ?

ಪ್ರಶ್ನೆ: ನನ್ನ ಮಗಳು ಎಂಟನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಈ ವರ್ಷ ತಾಲ್ಲೂಕು ಕ್ರೀಡಾಕೂಟದ ಚೆಸ್ ಸ್ಪರ್ಧೆಯಲ್ಲಿ ಗೆದ್ದು ಜಿಲ್ಲಾ ಮಟ್ಟಕ್ಕೆ ಹೋಗಿ ಬಂದಳು. ಶಾಲೆಯ ಕ್ರೀಡಾ ದಿನದಂದು ಕಬಡ್ಡಿ, ಖೋ ಖೋ, ಓಟದಲ್ಲಿ ಗೆದ್ದ ಮಕ್ಕಳನ್ನೆಲ್ಲ ವೇದಿಕೆಗೆ ಕರೆದು ಪದಕ ಹಾಕಿದರು. ಇವಳ ಹೆಸರು ಕರೆಯಲಿಲ್ಲ. ವಿಚಾರಿಸಿದಾಗ ದೈಹಿಕ ಶಿಕ್ಷಣದ ಮೇಷ್ಟ್ರು, 'ಬೇಜಾರು ಮಾಡ್ಕೋಬೇಡಿ ಅಮ್ಮ, ಕೂತು ಆಡೋದು ಕ್ರೀಡೆ ಆಗಲ್ಲ. ಪ್ರತಿಭಾ ಕಾರಂಜಿ ದಿನ ಕೊಡೋಣ' ಎಂದರು. ಅವರು ಹೇಳಿದ್ದು ಸರಿಯೇ?
— ಒಬ್ಬ ತಾಯಿ, ತುಮಕೂರು ಜಿಲ್ಲೆ

ಉತ್ತರ: ನಿಮ್ಮ ಮೇಷ್ಟ್ರು ಮರ್ಯಾದೆಯಿಂದಲೇ ಮಾತಾಡಿದ್ದಾರೆ, ಆದರೆ ಹೇಳಿದ್ದು ತಪ್ಪು. ಸರ್ಕಾರದ ಲೆಕ್ಕದಲ್ಲಿ ಈ ಪ್ರಶ್ನೆ ನಮ್ಮ ದೇಶದಲ್ಲಿ ತೀರ್ಮಾನವಾಗಿ ಅರುವತ್ತು ವರ್ಷಗಳ ಮೇಲಾಯಿತು. ಅರ್ಜುನ ಪ್ರಶಸ್ತಿಯ ಮೊದಲ ಪಟ್ಟಿಯಲ್ಲೇ, ಅಂದರೆ 1961ರ ಪಟ್ಟಿಯಲ್ಲಿ, ಚೆಸ್ ಆಟಗಾರ ಮ್ಯಾನುಯೆಲ್ ಆರನ್ ಅವರ ಹೆಸರಿತ್ತು. 1991–92ರಲ್ಲಿ ಖೇಲ್ ರತ್ನವನ್ನು ಸ್ಥಾಪಿಸಿದಾಗ ಅದನ್ನು ಮೊಟ್ಟಮೊದಲು ಪಡೆದವರು ಕ್ರಿಕೆಟಿಗರೂ ಅಲ್ಲ, ಹಾಕಿ ಆಟಗಾರರೂ ಅಲ್ಲ, ವಿಶ್ವನಾಥನ್ ಆನಂದ್. ಕೇಂದ್ರ ಕ್ರೀಡಾ ಸಚಿವಾಲಯವು ಅಖಿಲ ಭಾರತ ಚೆಸ್ ಫೆಡರೇಷನ್ನಿಗೆ ಮಾನ್ಯತೆ ಕೊಟ್ಟಿದೆ. ಕ್ರೀಡಾ ಕೋಟಾದಲ್ಲಿ ಕೇಂದ್ರ ಸರ್ಕಾರಿ ನೌಕರಿ ಕೊಡುವ ಆಟಗಳ ಪಟ್ಟಿಯಲ್ಲಿ ಚೆಸ್ ಕೂಡ ಇದೆ. 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದ ಮೈಸೂರಿನ ಎಂ.ಎಸ್. ತೇಜ್‌ಕುಮಾರ್ ರೈಲ್ವೆಯ ಆಟಗಾರರು. ಅಷ್ಟು ದೂರವೇಕೆ, ನಿಮ್ಮ ಮಗಳನ್ನು ತಾಲ್ಲೂಕಿನಿಂದ ಜಿಲ್ಲೆಗೆ ಕಳಿಸಿದ್ದೇ ಕ್ರೀಡಾಕೂಟ, ಪ್ರತಿಭಾ ಕಾರಂಜಿಯಲ್ಲ. ಆ ಪದಕವನ್ನು ಕ್ರೀಡಾ ದಿನದಂದೇ ಕೊಡಬೇಕಿತ್ತು.

ಆದರೂ ಮೇಷ್ಟ್ರ ಮಾತನ್ನು ಇಷ್ಟಕ್ಕೇ ತಳ್ಳಿಹಾಕುವುದು ನ್ಯಾಯವಲ್ಲ. ಸರ್ಕಾರಿ ಪಟ್ಟಿಯಲ್ಲಿ ಹೆಸರು ಸೇರಿದ ಮಾತ್ರಕ್ಕೆ ಯಾವುದರ ಸ್ವಭಾವವೂ ಬದಲಾಗುವುದಿಲ್ಲ.

ಈ ತಕರಾರಿನಲ್ಲಿ ನಮ್ಮ ಭಾಷೆ ಯಾರ ಪಕ್ಷವನ್ನೂ ವಹಿಸುವುದಿಲ್ಲ. ನಮಗೆ ಕುಂಟೆಬಿಲ್ಲೆಯೂ ಆಟ, ಚೌಕಾಬಾರವೂ ಆಟ, ಕರಾವಳಿಯವರಿಗೆ ಯಕ್ಷಗಾನವೂ ಆಟ. 'ಕ್ರೀಡೆ' ಎಂಬ ಸಂಸ್ಕೃತ ಪದ ಇನ್ನೂ ಉದಾರಿ: ಜಲಕ್ರೀಡೆಯೂ ಕ್ರೀಡೆ, ಪಾಂಡವರು ರಾಜ್ಯ ಕಳೆದುಕೊಂಡ ದ್ಯೂತವೂ ಕ್ರೀಡೆ. ಪದದ ಮೂಲ ಹಿಡಿದು ವಾದಕ್ಕೆ ಕೂತರೆ ಚೆಸ್ಸಿನ ಬೆನ್ನಿಗೇ ಇಸ್ಪೀಟನ್ನೂ ಒಳಗೆ ಬಿಟ್ಟುಕೊಳ್ಳಬೇಕಾಗುತ್ತದೆ. ಪತ್ರಿಕೆಗಳು 'ಸ್ಪೋರ್ಟ್ಸ್' ಎಂಬುದಕ್ಕೆ ಈ ಪದವನ್ನೇ ಗೊತ್ತು ಮಾಡಿಕೊಂಡ ಮೇಲೆ, ಶಾಲೆಗಳಲ್ಲಿ 'ಆಟೋಟ' ಎಂಬ ಜೋಡಿಮಾತು ಬೇರೂರಿದ ಮೇಲೆ, ಓಟವಿಲ್ಲದ ಆಟ ಅರೆ ಆಟವೆಂಬ ಭಾವನೆ ನಮ್ಮಲ್ಲಿ ಬೆಳೆದಿರಬೇಕು ಎಂದು ನನ್ನ ಊಹೆ. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಈ ಕಷ್ಟವಿರಲಿಲ್ಲ. ಚದುರಂಗದ ಕುದುರೆಯು ಮಣೆಯ 64 ಮನೆಗಳನ್ನೂ, ಒಂದೊಂದು ಮನೆಗೆ ಒಂದೇ ಸಲದಂತೆ, ಸುತ್ತಿ ಬರುವ ಬಂಧಗಳನ್ನು ರಚಿಸಿದ ಆ ದೊರೆ, ಮಣೆಯಾಟಗಳ ಸಂಗತಿಯನ್ನು ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಸೇರಿಸಿದರು. ಕೌತುಕವೆಂದು ಕರೆದರು, ವ್ಯಾಯಾಮ ಎನ್ನಲಿಲ್ಲ. ಮೈಸೂರಿನ ಗರಡಿಗಳಿಗೆ ಅದರಿಂದ ಯಾವ ನಷ್ಟವೂ ಆಗಲಿಲ್ಲ.

ಇನ್ನು ಬೆವರಿನ ಮಾತು. ಬೆವರೇ ಅಳತೆಗೋಲಾದರೆ ಎಪಿಎಂಸಿ ಯಾರ್ಡಿನಲ್ಲಿ ಮೂಟೆ ಹೊರುವ ಹಮಾಲರಿಗೆ ಪದಕ ಕೊಟ್ಟು, ಉಸಿರು ಬಿಗಿಹಿಡಿದು ನಿಂತಲ್ಲೇ ನಿಲ್ಲುವ ಪಿಸ್ತೂಲು ಸ್ಪರ್ಧಿಯ ಕೊರಳಿನಿಂದ ಅದನ್ನು ತೆಗೆಯಬೇಕಾಗುತ್ತದೆ. 2025ರ ಜನವರಿಯಲ್ಲಿ ರಾಷ್ಟ್ರಪತಿಗಳಿಂದ ಖೇಲ್ ರತ್ನ ಸ್ವೀಕರಿಸಿದ ನಾಲ್ವರಲ್ಲಿ ಶೂಟಿಂಗ್‌ನ ಮನು ಭಾಕರ್ ಅವರೂ ಇದ್ದರು, ಚೆಸ್ ವಿಶ್ವ ಚಾಂಪಿಯನ್ ಡಿ. ಗುಕೇಶ್ ಅವರೂ ಇದ್ದರು. ಇಬ್ಬರ ಸ್ಪರ್ಧೆಯಲ್ಲೂ ಓಟವಿಲ್ಲ. ಆದರೆ ಮನು ಅವರ ಬದಲು ಇನ್ನೊಬ್ಬರು ಪಿಸ್ತೂಲಿನ ಕುದುರೆ (ಟ್ರಿಗರ್) ಎಳೆಯಲಾಗದು, ಏಕೆಂದರೆ ಗುಂಡು ಎಲ್ಲಿಗೆ ಬೀಳುತ್ತದೆಂಬುದನ್ನು ನಿರ್ಧರಿಸುವುದೇ ಅವರ ಮಣಿಕಟ್ಟು ಮತ್ತು ಬೆರಳು. ಗುಕೇಶ್ ತಮ್ಮ ನಡೆಯನ್ನು ಬಾಯಲ್ಲಿ ಹೇಳಿ, ಪಕ್ಕದವರು ಕಾಯಿ ಸರಿಸಿದರೂ ಆಟ ಗುಕೇಶ್ ಅವರದೇ. ಕೈಯಿಂದ ಕಾಯಿ ನಡೆಸಲಾಗದ ಆಟಗಾರರು ಸಹಾಯಕರನ್ನು ಇಟ್ಟುಕೊಳ್ಳಲು ನಿಯಮಗಳೇ ಅವಕಾಶ ಕೊಟ್ಟಿವೆ. ಅಂಚೆ ಕಾರ್ಡಿನಲ್ಲಿ ನಡೆ ಬರೆದು ಕಳಿಸಿ ಒಂದೇ ಪಂದ್ಯವನ್ನು ತಿಂಗಳುಗಟ್ಟಲೆ ಆಡುತ್ತಿದ್ದ ಕಾಲವೂ ಇತ್ತು. ಅಂಚೆಯಲ್ಲಿ ಕಬಡ್ಡಿ ಆಡಲಾಗುವುದಿಲ್ಲ. ಮೇಷ್ಟ್ರ ಮಾತಿನಲ್ಲಿ ಹುರುಳಿರುವುದು ಇಲ್ಲಿ: ಚೆಸ್ಸಿನಲ್ಲಿ ಕೈಯ ಚಲನೆ ನಡೆಯನ್ನು ತಿಳಿಸುತ್ತದೆ, ಆದರೆ ಆ ಚಲನೆಯ ಕೌಶಲಕ್ಕೆ ಅಂಕವಿಲ್ಲ.

ಇದಕ್ಕೆ ಒಂದು ಅಪವಾದವಿದೆ. ಬ್ಲಿಟ್ಜ್ ಪಂದ್ಯವನ್ನು ಹತ್ತಿರ ನಿಂತು ನೋಡಿ. ಒಬ್ಬೊಬ್ಬರಿಗೆ ಮೂರು ನಿಮಿಷ, ನಡೆಗೆ ಎರಡು ಸೆಕೆಂಡು ಹೆಚ್ಚುವರಿ. ಕಾಯಿ ನಡೆಸಿದ ಕೈಯಿಂದಲೇ ಗಡಿಯಾರದ ಗುಂಡಿ ಒತ್ತಬೇಕೆಂಬ ನಿಯಮ. ಅವಸರದಲ್ಲಿ ಕಾಯಿ ಉರುಳಿದರೆ ಅದನ್ನು ಎತ್ತಿ ನಿಲ್ಲಿಸುವ ಹೊತ್ತೂ ನಿಮ್ಮದೇ ಲೆಕ್ಕಕ್ಕೆ. ಕೊನೆಯ ಹತ್ತು ಸೆಕೆಂಡುಗಳಲ್ಲಿ ಗೆಲುವಿನ ಸ್ಥಿತಿಯಲ್ಲಿದ್ದವರ ಬೆರಳು ನಡುಗಿ ಸೋತಿದ್ದನ್ನು ನಾನೇ ಕಲ್ಯಾಣ ಮಂಟಪವೊಂದರಲ್ಲಿ ನಡೆದ ಪಂದ್ಯಾವಳಿಯಲ್ಲಿ ಕಂಡಿದ್ದೇನೆ. ಅಲ್ಲಿ ಕೈಗೂ ಕೆಲಸವಿದೆ.

ದೀರ್ಘ ಪಂದ್ಯಗಳಲ್ಲಿ ದೇಹ ಕೆಲಸ ಮಾಡುವ ಬಗೆ ಬೇರೆ, ಅದು ತಳಪಾಯದಂತೆ ಕೆಳಗಿರುತ್ತದೆ. 1984ರ ಸೆಪ್ಟೆಂಬರಿನಲ್ಲಿ ಮಾಸ್ಕೋದಲ್ಲಿ ಆರಂಭವಾದ ಕಾರ್ಪೋವ್–ಕಾಸ್ಪರೋವ್ ವಿಶ್ವ ಚಾಂಪಿಯನ್‌ಷಿಪ್ ಐದು ತಿಂಗಳು ಎಳೆದು, 48 ಪಂದ್ಯಗಳಾದರೂ ಮುಗಿಯದೆ, 1985ರ ಫೆಬ್ರವರಿಯಲ್ಲಿ ಫಲಿತಾಂಶವಿಲ್ಲದೆ ನಿಂತಿತು. ಅಷ್ಟರಲ್ಲಿ ಕಾರ್ಪೋವ್ ಕಣ್ಣಿಗೆ ಕಾಣುವಷ್ಟು ಸೊರಗಿದ್ದರು. 2021ರಲ್ಲಿ ದುಬೈನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಾರ್ಲ್‌ಸನ್–ನೆಪೊಮ್ನಿಯಾಶ್ಚಿ ನಡುವಿನ ಆರನೆಯ ಪಂದ್ಯ 136 ನಡೆಗಳನ್ನು ಕಂಡು ಏಳೂಮುಕ್ಕಾಲು ಗಂಟೆ ನಡೆಯಿತು, ಅದನ್ನು ಸೋತ ನೆಪೊಮ್ನಿಯಾಶ್ಚಿ ಆಮೇಲೆ ಆ ಸರಣಿಯಲ್ಲಿ ಚೇತರಿಸಿಕೊಳ್ಳಲೇ ಇಲ್ಲ. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ನಡೆದದ್ದಂತೂ ನಿಮ್ಮ ಮಗಳಿಗೆ ಬಾಯಿಪಾಠವಾಗಿರಬಹುದು. ವಿಶ್ವ ಚಾಂಪಿಯನ್‌ಷಿಪ್‌ನ ಹದಿನಾಲ್ಕನೆಯ, ಕೊನೆಯ ಪಂದ್ಯ; ಅಲ್ಲಿಯವರೆಗೆ ಚಾಂಪಿಯನ್ ಆಗಿದ್ದ ಡಿಂಗ್ ಲಿರೆನ್ ಬಳಿ ಒಂದು ಆನೆ, ಒಂದು ಒಂಟೆ, ಗುಕೇಶ್ ಬಳಿಯೂ ಅಷ್ಟೇ, ಜೊತೆಗೆ ಒಂದು ಕಾಲಾಳು ಹೆಚ್ಚು. ಜಾಗರೂಕತೆಯಿಂದ ಆಡಿದ್ದರೆ ಡ್ರಾ ಆಗುತ್ತಿತ್ತು. 55ನೆಯ ನಡೆಯಲ್ಲಿ ಡಿಂಗ್ ತಮ್ಮ ಆನೆಯನ್ನು ಗುಕೇಶರ ಆನೆಗೆ ಎದುರಾಗಿ ಇಟ್ಟರು. ಆನೆಗಳು ಹೋದವು, ಹಿಂದೆಯೇ ಒಂಟೆಗಳೂ ಹೋಗಲೇಬೇಕಾಯಿತು, ಉಳಿದ ಹೆಚ್ಚುವರಿ ಕಾಲಾಳು ಹದಿನೆಂಟರ ಹುಡುಗನನ್ನು ವಿಶ್ವ ಚಾಂಪಿಯನ್ ಮಾಡಿತು. ಡಿಂಗ್ ಅವರಿಗೆ ಆ ತಪ್ಪು ತಿಳಿಯದ್ದಲ್ಲ. ಎರಡೂವರೆ ವಾರ ಆಡಿ ದಣಿದ ತಲೆಗೆ ಆ ಒಂದು ಗಳಿಗೆ ಕಾಣಿಸಲಿಲ್ಲ, ಅಷ್ಟೆ ಎಂದು ನಾನು ತಿಳಿದಿದ್ದೇನೆ.

ಹಾಗೆಂದು ಚೆಸ್ಸಿನ ಪರ ಮಾತಾಡುವವರು ಹೇಳುವುದನ್ನೆಲ್ಲ ನಂಬಬೇಕಿಲ್ಲ. ಗ್ರ್ಯಾಂಡ್‌ಮಾಸ್ಟರುಗಳು ಕೂತಲ್ಲೇ ದಿನಕ್ಕೆ 6000 ಕ್ಯಾಲರಿ ಕರಗಿಸುತ್ತಾರೆಂಬ ಮಾತು ಕೆಲವು ವರ್ಷಗಳಿಂದ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿದೆ. ಇಡೀ ದಿನ ಸೈಕಲ್ ತುಳಿಯುವವರ ಲೆಕ್ಕ ಅದು. ಇಂಥ ಉತ್ಪ್ರೇಕ್ಷೆಯ ಆಸರೆ ಚೆಸ್ಸಿಗೆ ಬೇಡ.

ಹೊರದೇಶಗಳ ಕಾನೂನು ನೋಡಿದರೆ ಒಂದೇ ಊರಿನಲ್ಲಿ ಎರಡು ಉತ್ತರ ಸಿಗುತ್ತವೆ. ಇಂಗ್ಲೆಂಡಿನ ಕ್ರೀಡಾ ಮಂಡಳಿ ಮನಸ್ಸಿನ ಆಟಗಳನ್ನು ಕ್ರೀಡೆಯೆಂದು ಒಪ್ಪುವುದಿಲ್ಲ. ಬ್ರಿಜ್ ಎಂಬ ಇಸ್ಪೀಟಿನ ಆಟ ಆಡುವವರ ಸಂಘ ಅದನ್ನು ಪ್ರಶ್ನಿಸಿ 2015ರಲ್ಲಿ ಹೈಕೋರ್ಟಿನಲ್ಲಿ ಸೋತಿತು. ಮೌಲ್ಯವರ್ಧಿತ ತೆರಿಗೆಯ ವಿನಾಯಿತಿ ಬೇಕೆಂದು ಯುರೋಪಿನ ನ್ಯಾಯಾಲಯಕ್ಕೆ ಹೋದಾಗಲೂ, ದೇಹಶ್ರಮ ಲೆಕ್ಕಕ್ಕೆ ಬರುವಷ್ಟು ಇಲ್ಲದ್ದು ಆ ತೆರಿಗೆಯ ಮಟ್ಟಿಗೆ ಕ್ರೀಡೆಯಲ್ಲ ಎಂದು 2017ರಲ್ಲಿ ತೀರ್ಪಾಯಿತು. ಅದೇ ಇಂಗ್ಲೆಂಡಿನ 2011ರ ದತ್ತಿ ಕಾಯ್ದೆ ಮಾತ್ರ, ಮಾನಸಿಕ ಕೌಶಲದಿಂದ ಆರೋಗ್ಯಕ್ಕೆ ನೆರವಾಗುವ ಆಟಗಳನ್ನೂ ಕ್ರೀಡೆಯ ಒಳಗೇ ಎಣಿಸುತ್ತದೆ. ಜರ್ಮನಿಯವರದು ನನಗೆ ಬಹಳ ಇಷ್ಟವಾದ ದಾರಿ. ಅಲ್ಲಿನ ತೆರಿಗೆ ಸಂಹಿತೆಯಲ್ಲಿ, ಸಾರ್ವಜನಿಕ ಹಿತದ ಕೆಲಸಗಳನ್ನು ಹೇಳುವ ಕಲಮಿನಲ್ಲಿ, ಕ್ರೀಡೆಗೆ ಪ್ರೋತ್ಸಾಹ ಎಂದು ಬರೆದು ಪಕ್ಕದ ಕಂಸದಲ್ಲಿ 'ಚೆಸ್ಸನ್ನು ಕ್ರೀಡೆಯೆಂದು ಎಣಿಸಲಾಗುವುದು' ಎಂದು ಸೇರಿಸಿದ್ದಾರೆ. ಕ್ರೀಡೆ 'ಆಗಿದೆ' ಎನ್ನಲಿಲ್ಲ, 'ಎಣಿಸಲಾಗುವುದು' ಎಂದರು. ಪ್ರಾಮಾಣಿಕವಾದ ಮಾತು.

ನನ್ನ ಅಭಿಪ್ರಾಯವೂ ಅಲ್ಲಿಗೇ ಬಂದು ನಿಲ್ಲುತ್ತದೆ. ಯಾವ ಕಾರಣಕ್ಕೆ ಕೇಳುತ್ತಿದ್ದೇವೆ ಎಂಬುದನ್ನು ಬಿಟ್ಟು ಈ ಪ್ರಶ್ನೆಗೆ ಉತ್ತರವಿಲ್ಲ. ಪದಕ, ಕ್ರೀಡಾ ಕೋಟಾ, ಪಂದ್ಯಕ್ಕೆ ಹೋದ ದಿನಗಳ ಹಾಜರಾತಿ, ಗೆದ್ದ ಮಗುವಿಗೆ ಊರವರೆದುರು ಸಿಗುವ ಗೌರವ, ಇವುಗಳ ಮಟ್ಟಿಗೆ ಚೆಸ್ ಕ್ರೀಡೆಯೇ, ಏಕೆಂದರೆ ನಿಯಮ, ತರಬೇತಿ, ಸೋಲು-ಗೆಲುವು, ತೀರ್ಪುಗಾರರು ಎಲ್ಲವೂ ಇಲ್ಲಿ ಬೇರೆ ಕ್ರೀಡೆಗಳಷ್ಟೇ ಕಟ್ಟುನಿಟ್ಟು. ಉದ್ದೀಪನ ಮದ್ದಿನ ಪರೀಕ್ಷೆ ಕೂಡ ಇದೆ. 2008ರ ಡ್ರೆಸ್ಡೆನ್ ಚೆಸ್ ಒಲಿಂಪಿಯಾಡ್‌ನಲ್ಲಿ ಸೋತ ಸಿಟ್ಟಿನಲ್ಲಿ ಆ ಪರೀಕ್ಷೆಗೆ ನಿಲ್ಲದೆ ಹೊರಟುಹೋದ ಉಕ್ರೇನಿನ ಆಟಗಾರ ಇವಾಂಚುಕ್ ಅವರ ಮೇಲೆ ದೊಡ್ಡ ವಿಚಾರಣೆಯೇ ನಡೆಯಿತು. ಆದರೆ ವಾರದ ಆಟದ ಪೀರಿಯಡ್ಡಿನಲ್ಲಿ ಮಕ್ಕಳ ಮೈಕೈ ಆಡಬೇಕೆಂಬ ಉದ್ದೇಶಕ್ಕೆ ಚೆಸ್ ಸಲ್ಲದು. ಮೇಷ್ಟ್ರು ಈ ಎರಡನ್ನು ಬೆರೆಸಿದ್ದಾರೆ. ಮುಂದಿನ ಸಲ ಹೋದಾಗ ಜಗಳಕ್ಕೆ ನಿಲ್ಲದೆ ತಾಲ್ಲೂಕು ಕ್ರೀಡಾಕೂಟದ ಪ್ರಮಾಣಪತ್ರವನ್ನು ಅವರ ಮುಂದಿಡಿ, ಅದರ ತಲೆಬರಹ ಓದಿಕೊಳ್ಳಲಿ.

ಪ್ರಶ್ನೆ: ಚೆಸ್ ಕ್ರೀಡೆಯೇ ಆದರೆ ಒಲಿಂಪಿಕ್ಸ್‌ನಲ್ಲಿ ಏಕಿಲ್ಲ? 'ಚೆಸ್ ಒಲಿಂಪಿಯಾಡ್' ಎಂದರೆ ಅದರ ಒಂದು ಭಾಗವೇ?
— ಪದವಿ ವಿದ್ಯಾರ್ಥಿ, ಧಾರವಾಡ

ಉತ್ತರ: ಅಲ್ಲ, ಅವೆರಡೂ ಬೇರೆ ಬೇರೆ. ಆದರೆ ಹುಟ್ಟಿದ ಊರಿನ ನಂಟಿದೆ. 1924ರಲ್ಲಿ ಪ್ಯಾರಿಸ್‌ನಲ್ಲಿ ಒಲಿಂಪಿಕ್ಸ್ ನಡೆಯುತ್ತಿದ್ದಾಗಲೇ ಅದೇ ನಗರದಲ್ಲಿ ಚೆಸ್ ಆಟಗಾರರು ಸೇರಿ ಪಂದ್ಯಾವಳಿ ನಡೆಸಿದರು, ಜುಲೈ 20ರಂದು ಫಿಡೆ ಎಂಬ ಅಂತರರಾಷ್ಟ್ರೀಯ ಒಕ್ಕೂಟವನ್ನೂ ಕಟ್ಟಿದರು. ಮೊದಲ ಅಧಿಕೃತ ಚೆಸ್ ಒಲಿಂಪಿಯಾಡ್ 1927ರಲ್ಲಿ ಲಂಡನ್ನಿನಲ್ಲಿ ನಡೆಯಿತು. 2022ರದು ಮಾಮಲ್ಲಪುರಕ್ಕೆ ಬಂದಿತ್ತು. 2024ರಲ್ಲಿ ಬುಡಾಪೆಸ್ಟ್‌ನಲ್ಲಿ ಭಾರತ ಮುಕ್ತ ಮತ್ತು ಮಹಿಳಾ ವಿಭಾಗಗಳೆರಡರಲ್ಲೂ ಚಿನ್ನ ಗೆದ್ದಿತು.

ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಫಿಡೆಗೆ 1999ರಲ್ಲಿ ಮಾನ್ಯತೆ ಕೊಟ್ಟಿದೆ. ಮರುವರ್ಷ ಸಿಡ್ನಿ ಕೂಟದ ವೇಳೆ ಆನಂದ್ ಮತ್ತು ಶಿರೋವ್ ಪ್ರದರ್ಶನ ಪಂದ್ಯಗಳನ್ನೂ ಆಡಿದರು. ಆದರೆ ಮಾನ್ಯತೆ ಬೇರೆ, ಕಾರ್ಯಕ್ರಮ ಪಟ್ಟಿಯಲ್ಲಿ ಜಾಗ ಬೇರೆ. ಆ ಪಟ್ಟಿ ಈಗಲೇ ತುಂಬಿ ತುಳುಕುತ್ತಿದೆ, ಹೊಸಬರನ್ನು ಆರಿಸುವಾಗ ಟಿವಿಯಲ್ಲಿ ಕಣ್ಣಿಗೆ ಕಟ್ಟುವ ಆಟಗಳ ಕಡೆಗೇ ಒಲವು ಹೆಚ್ಚು. 2024ರ ಪ್ಯಾರಿಸ್ ಕೂಟಕ್ಕೆ ಚೆಸ್ ಅರ್ಜಿ ಹಾಕಿತ್ತು. ಸಿಕ್ಕಿದ್ದು ಬ್ರೇಕ್ ಡ್ಯಾನ್ಸಿಗೆ. ಚಳಿಗಾಲದ ಕೂಟದ ಬಾಗಿಲು ತಟ್ಟೋಣವೆಂದರೆ ಅಲ್ಲಿ ಹಿಮದ ಮೇಲೆ, ಮಂಜುಗಡ್ಡೆಯ ಮೇಲೆ ಆಡುವ ಆಟಗಳಿಗಷ್ಟೇ ಪ್ರವೇಶ. ಏಷ್ಯನ್ ಕ್ರೀಡಾಕೂಟ ಒಮ್ಮೆ ಕರೆಯುತ್ತದೆ, ಒಮ್ಮೆ ಮರೆಯುತ್ತದೆ: 2006ರಲ್ಲಿ ದೋಹಾದಲ್ಲಿ ಕೊನೇರು ಹಂಪಿ ಚಿನ್ನ ಗೆದ್ದರು, 2010ರಲ್ಲೂ ಚೆಸ್ ಇತ್ತು, ಮುಂದಿನ ಎರಡು ಕೂಟಗಳಲ್ಲಿ ಇರಲಿಲ್ಲ, 2023ರಲ್ಲಿ ಹಾಂಗ್‌ಝೌನಲ್ಲಿ ಮರಳಿ ಬಂದಾಗ ನಮ್ಮ ಪುರುಷರ ಮತ್ತು ಮಹಿಳೆಯರ ತಂಡಗಳೆರಡೂ ಬೆಳ್ಳಿ ತಂದವು. ಚೆಸ್ ಇಲ್ಲದ 2018ರ ಜಕಾರ್ತಾ ಕೂಟದಲ್ಲಿ ಬ್ರಿಜ್ ಇತ್ತು. ಅರುವತ್ತು ವರ್ಷದ ಪ್ರಣಬ್ ಬರ್ಧನ್ ಮತ್ತು ಐವತ್ತಾರರ ಶಿವನಾಥ್ ಸರ್ಕಾರ್ ಇಸ್ಪೀಟೆಲೆ ಹಿಡಿದು ಭಾರತಕ್ಕೆ ಚಿನ್ನ ತಂದರು. ಹೀಗಿರುವಾಗ ಕೂಟದಲ್ಲಿ ಇದೆಯೋ ಇಲ್ಲವೋ ಎಂಬುದನ್ನು ಕ್ರೀಡೆಯ ಗುರುತೆಂದು ಹಿಡಿಯಲಾಗದು. ಕ್ರಿಕೆಟ್ಟೂ 1900ರ ನಂತರ ಒಂದು ಶತಮಾನಕ್ಕೂ ಮಿಕ್ಕಿ ಒಲಿಂಪಿಕ್ಸ್‌ನಿಂದ ಹೊರಗೇ ಇತ್ತಲ್ಲ!

ಪ್ರಶ್ನೆ: ಹತ್ತು ವರ್ಷದ ಮೊಮ್ಮಗ ಸಂಜೆ ಹೊತ್ತೂ ಫೋನಿನಲ್ಲಿ ಚೆಸ್ ಆಡುತ್ತಾ ಕೂರುತ್ತಾನೆ. ಹೊರಗೆ ಹೋಗಿ ಆಡೋ ಎಂದರೆ 'ಇದೂ ಸ್ಪೋರ್ಟ್ಸೇ ತಾತ' ಎನ್ನುತ್ತಾನೆ. ನನ್ನ ಜೊತೆ ಮಣೆ ಹಾಕಿಕೊಂಡು ಆಡು ಎಂದರೆ, ನನ್ನದು ಹಳೆಯ ಕ್ರಮವಂತೆ, ಕಾಲಾಳನ್ನು ಮೊದಲ ಸಲವೂ ಒಂದೇ ಮನೆ ನಡೆಸುತ್ತೇನಂತೆ, ಅದಕ್ಕೆ ಬೇಡವಂತೆ. ಏನು ಮಾಡಲಿ?
— ನಿವೃತ್ತ ಶಿಕ್ಷಕರು, ಸಾಗರ

ಉತ್ತರ: ಮೊಮ್ಮಗನ ವಾದ ಅರ್ಧ ಸರಿ, ಮೇಲಿನ ಉತ್ತರ ಓದಿದರೆ ಉಳಿದರ್ಧ ಅವನಿಗೇ ತಿಳಿಯುತ್ತದೆ. ದೊಡ್ಡ ಆಟಗಾರರಲ್ಲಿ ಅನೇಕರು ನಡಿಗೆ, ಈಜು, ಟೆನಿಸ್ ಎಂದು ಏನಾದರೊಂದನ್ನು ಬಿಡದೆ ಮಾಡುವವರೇ. ಐದನೆಯ ಗಂಟೆಯಲ್ಲೂ ತಲೆ ಸ್ಥಿಮಿತದಲ್ಲಿ ಇರಬೇಕೆಂದರೆ ಕಾಲಿಗೆ ಕಸುವು ಬೇಕೆಂದು ಅವರಿಗೆ ಗೊತ್ತು. ಫೋನಿಗಿಂತ ಮಣೆ ಮೇಲು ಎಂಬುದಕ್ಕೆ ಇನ್ನೊಂದು ಕಾರಣ: ಪಂದ್ಯಾವಳಿಯಲ್ಲಿ ಮುಟ್ಟಿದ ಕಾಯಿಯನ್ನೇ ನಡೆಸಬೇಕು, ಆ ಸಂಯಮ ಗಾಜಿನ ಪರದೆಯ ಮೇಲೆ ಬರುವುದಿಲ್ಲ. ಹಳೆಯ ಕ್ರಮ ನಮ್ಮ ಹಿರಿಯರದು, ಅದರಲ್ಲಿ ತಪ್ಪೇನಿಲ್ಲ. ಆದರೆ ಅವನು ಆಡಬೇಕಾಗಿರುವುದು ಫಿಡೆಯ ನಿಯಮದಂತೆ. ಕಾಲಾಳು ಮೊದಲ ನಡೆಯಲ್ಲಿ ಎರಡು ಮನೆ ಹೋಗಬಹುದೆಂದು ನೀವು ಒಪ್ಪಿಕೊಳ್ಳಿ, ಸಂಜೆ ಐದರಿಂದ ಆರರವರೆಗೆ ಮೈದಾನಕ್ಕೆ ಹೋಗುವುದನ್ನು ಅವನು ಒಪ್ಪಿಕೊಳ್ಳಲಿ.